ಸೇಂಟ್ ಗಾಲ್ ಹಸ್ತಪ್ರತಿ ವಿರಾಜಪೇಟೆಯಲ್ಲಿ ಕೂತು ನೋಡೋದು: ಈ-ಕೋಡಿಸಸ್ ಹೇಗಿದೆ?

ಸ್ವಿಟ್ಜರ್ಲೆಂಡ್‌ನ ಗ್ರಂಥಾಲಯಗಳ ಹಳೇ ಕೈಬರಹದ ಪುಸ್ತಕಗಳನ್ನು ಪುಟಪುಟವೂ ಫೋಟೋ ತೆಗೆದು ಹಾಕಿರೋ ವೆಬ್‌ಸೈಟ್ ಇದು. ಪುಕ್ಕಟೆ. ಚರ್ಚ್ ಕ್ವಾಯರ್‌ನಲ್ಲಿ ಹಾಡೋ ನನಗೆ ಬೇಕಿದ್ದದ್ದು ಸೇಂಟ್ ಗಾಲ್ ಮಠದ 381ನೇ ನಂಬರಿನ ಪ್ರತಿ, 10ನೇ ಶತಮಾನದ್ದು. ಅದರಲ್ಲಿ ನೋಟ್ಕರ್ ಎಂಬ ಸನ್ಯಾಸಿಯ ಲ್ಯಾಟಿನ್ ಭಕ್ತಿಗೀತೆಗಳಿವೆ, ಸೀಕ್ವೆನ್ಸ್ ಅಂತಾರೆ.

912ರಲ್ಲಿ ತೀರಿಕೊಂಡ ಈ ನೋಟ್ಕರ್ ತನ್ನ ಗೀತೆಗಳಿಗೆ ಬರೆದ ಮುನ್ನುಡಿ ಬಲು ಮಜ. ಮಾತಿಲ್ಲದ ಉದ್ದುದ್ದ ರಾಗಗಳು ಚಿಕ್ಕಂದಿನಲ್ಲಿ ಅವನ ತಲೆಯಲ್ಲಿ ನಿಲ್ತಾನೇ ಇರಲಿಲ್ಲವಂತೆ. ಅಷ್ಟರಲ್ಲಿ ನಾರ್ಮನ್ನರು, ಅಂದರೆ ವೈಕಿಂಗ್ ದಾಳಿಕೋರರು, ಹಾಳು ಮಾಡಿದ ಫ್ರಾನ್ಸ್‌ನ ಜುಮಿಯೇಜ್ ಮಠದಿಂದ ಒಬ್ಬ ಪಾದ್ರಿ ಪುಸ್ತಕ ಹಿಡ್ಕೊಂಡು ಬಂದ, ಅದರಲ್ಲಿ ರಾಗಕ್ಕೆ ಮಾತು ಕೂಡಿಸಿತ್ತು, ಉಪಾಯ ಹಿಡಿಸಿತು, ಕವಿತೆ ಮಾತ್ರ ರುಚಿಸಲಿಲ್ಲ, ಸರಿ ಅಂತ ತಾನೇ ಬರೆಯೋಕೆ ಕೂತ. ಗುರು ಈಸೋ ನೋಡಿ ತಿದ್ದಿದ: ರಾಗದ ಒಂದೊಂದು ಚಲನೆಗೂ ಒಂದೊಂದು ಅಕ್ಷರ ಇರಬೇಕು. ಇವತ್ತಿನ ಕ್ವಾಯರ್ ಮಾಸ್ಟರ್ ಕೂಡ ಇದನ್ನೇ ಹೇಳ್ತಾರೆ ಅಲ್ವಾ?

ಜೂಮ್ ಮಾಡಿ ನೋಡಿ. ರಾಗದ ಗುರುತು ಮಾತಿನ ಮೇಲಿಲ್ಲ, ಪಕ್ಕದ ಅಂಚಿನಲ್ಲಿ ಸಣ್ಣ ಸಣ್ಣ ಕೊಕ್ಕೆ, ಗೀರುಗಳಾಗಿ ಕೂತಿದೆ. ಇವತ್ತಿನ ಸ್ವರಲಿಪಿಯಲ್ಲಿರೋ ಗೆರೆಗಳೇ ಇಲ್ಲ. ಏರು ಇಳಿತ ತಿಳಿಯುತ್ತೆ, ಎಷ್ಟು ಅಂತ ತಿಳಿಯಲ್ಲ. ಧಾಟಿ ಮೊದಲೇ ಬಾಯಲ್ಲಿದ್ದವರಿಗೆ ಬರೆದದ್ದು. ದುಡಿ ಬಾರಿಸುತ್ತಾ ಹಾಡೋ ನಮ್ಮ ಕೊಡವರ ದುಡಿಕೊಟ್ಟ್ ಪಾಟ್ ಕೂಡ ಹಾಗೇ: 1924ರ ಪಟ್ಟೋಲೆ ಪಳಮೆ ಅನ್ನೋ ಜನಪದ ಹಾಡುಗಳ ಸಂಗ್ರಹ ಓದಿದರೆ ಮಾತು ಸಿಗುತ್ತೆ, ಹಾಡೋದನ್ನ ಕೇಳಿಯೇ ಕಲೀಬೇಕು.

ಕೊರತೆ? ಅಕ್ಷರ ಬಿಡಿಸಿ ಬರೆದು ಕೊಟ್ಟಿಲ್ಲ, ಅನುವಾದವೂ ಇಲ್ಲ. ಲ್ಯಾಟಿನ್ ಬರದಿದ್ದರೆ ಸುಮ್ನೆ ಚಿತ್ರ ನೋಡಿದಂತೆ, ಅಚ್ಚಾದ ಪಠ್ಯ ಪಕ್ಕದಲ್ಲಿರಲೇಬೇಕು. ಚರ್ಚ್‌ನಲ್ಲಿ ಕೇಳಿದ ನೆನಪಿನ ಮೇಲೆ ಓದೋಣ ಅಂದರೂ ಆಗಲ್ಲ. 1570ರ ಕ್ಯಾಥೊಲಿಕ್ ಪೂಜಾಗ್ರಂಥದಲ್ಲಿ ನಾಲ್ಕೇ ಸೀಕ್ವೆನ್ಸ್ ಉಳಿಸಿಕೊಂಡರು, ನೋಟ್ಕರ್‌ನದು ಒಂದೂ ಇಲ್ಲ. ಬೇಜಾರು.

ಇನ್ನು ಚಿತ್ರಗಳು ಭಾರ. ಜುಲೈ ಮಳೆಯಲ್ಲಿ, ಕರೆಂಟ್ ಹೋಗಿ ಟವರ್ ಸುಸ್ತಾದಾಗ, ಮೊಬೈಲ್‌ನಲ್ಲಿ ಒಂದು ಪುಟ ತೆರೆಯೋದ್ರಲ್ಲಿ ಕಾಫಿ ಆರಿ ಹೋಗುತ್ತೆ. ಅದು ಸೈಟಿನ ತಪ್ಪಲ್ಲ ಬಿಡಿ. ನೆಟ್ ಚೆನ್ನಾಗಿದ್ದಾಗ ಬೇಕಾದ ಪುಟ ಇಳಿಸಿಕೊಂಡು ಲ್ಯಾಪ್‌ಟಾಪ್‌ನಲ್ಲಿ ನೋಡಿ. ಐದಕ್ಕೆ ನಾಲ್ಕು ಕೊಡ್ತೀನಿ, ಹಾಡೋರಾದರೆ ನಾಲ್ಕೂವರೆ.