ಸಮುದಾಯ ಭವನದ ತಾರಸಿ ದುರಸ್ತಿ: ಅಂದಾಜು ಪಟ್ಟಿಯಲ್ಲಿ ‘ಕಂಬಿ’ ಇಲ್ಲದಿದ್ದರೆ ಒಪ್ಪಬೇಡಿ

ಮಲೆನಾಡಿನ ಅಂಚಿನ ಒಂದು ಗ್ರಾಮ ಪಂಚಾಯಿತಿ ತನ್ನ ಹಳೆಯ ಸಮುದಾಯ ಭವನದ ತಾರಸಿ ರಿಪೇರಿ ಮಾಡಿಸಿತು. ಎರಡನೇ ಮಳೆಗಾಲದಲ್ಲೇ ಊಟದ ತಟ್ಟೆಯಷ್ಟಗಲದ ಚಕ್ಕೆಯೊಂದು ಕಳಚಿ, ಅದೇ ಕಟ್ಟಡದಲ್ಲಿರುವ ಅರಿವು ಕೇಂದ್ರದ (ಪಂಚಾಯಿತಿ ಗ್ರಂಥಾಲಯ) ಓದುವ ಮೇಜಿನ ಮೇಲೆ ಬಿತ್ತು. ರಾತ್ರಿ ಹೊತ್ತಾದ್ದರಿಂದ ಯಾರಿಗೂ ಪೆಟ್ಟಾಗಲಿಲ್ಲ. ಸಂಜೆ ಐದಕ್ಕೆ ಬಿದ್ದಿದ್ದರೆ ಅಲ್ಲಿ ಶಾಲೆ ಮಕ್ಕಳು ಕೂತಿರುತ್ತಿದ್ದರು. ಯಾವ ಊರು, ಯಾರ ಗುತ್ತಿಗೆ ಎನ್ನುವುದು ಇಲ್ಲಿ ಬೇಡ. ಇದೇ ಬಗೆಯ ಅಂದಾಜು ಪಟ್ಟಿ ನಿಮ್ಮ ಪಂಚಾಯಿತಿಯಲ್ಲೂ ಮಂಜೂರಾತಿಗೆ ಕಾದಿರಬಹುದು ಎಂಬ ಕಾರಣಕ್ಕೆ ಇದನ್ನು ಬರೆಯಬೇಕಾಯಿತು.

ಆ ಪಟ್ಟಿಯಲ್ಲಿ ಇದ್ದದ್ದು ಇಷ್ಟು: ಹಳೆಯ ಪ್ಲಾಸ್ಟರ್ ಕೆತ್ತುವುದು, 1:3 ಸಿಮೆಂಟ್ ಗಾರೆಯಲ್ಲಿ 20 ಮಿ.ಮೀ. ಹೊಸ ಪ್ಲಾಸ್ಟರ್, ಮೇಲ್ಗಡೆ ನೀರು ನಿರೋಧಕ ಪದರ, ಎರಡು ಕೋಟ್ ಬಣ್ಣ. ಕಂಬಿ ಎಂಬ ಪದ ಒಂದು ಕಡೆಯೂ ಇರಲಿಲ್ಲ. ಮೇಸ್ತ್ರಿ ಕೆಲಸ ಕೆಡಿಸಿದ ಎಂದು ಊರವರು ಬೈದರು. ಆದರೆ ಮೇಸ್ತ್ರಿ ಪಟ್ಟಿಯಲ್ಲಿದ್ದುದನ್ನೇ ಮಾಡಿದ್ದ. ಕೆಟ್ಟಿದ್ದು ಕಾಗದದ ಮೇಲೆ, ಕೆಲಸ ಶುರುವಾಗುವ ಮೊದಲೇ.

ಬಿದ್ದ ಚಕ್ಕೆಯನ್ನು ಮಗುಚಿದರೆ ಒಳಮೈಯಲ್ಲಿ ಕಂಬಿಯ ಅಚ್ಚು, ಅದರ ತುಂಬ ಕೆಂಪು ಪುಡಿ. ಮೇಲೆ ತಾರಸಿಯಲ್ಲಿ ಕಂಬಿ ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಬಿಚ್ಚಿಕೊಳ್ಳುತ್ತಿತ್ತು. ತುಕ್ಕು ಉಜ್ಜಿ ಅಳೆದಾಗ 8 ಮಿ.ಮೀ. ಕಂಬಿ 6 ಮಿ.ಮೀ.ಗೆ ಇಳಿದಿತ್ತು. ಎರಡೇ ಮಿ.ಮೀ. ತಾನೇ ಎನ್ನಿಸುತ್ತದೆ. ಲೆಕ್ಕ ಹಾಕಿ: ಅಡ್ಡಕೊಯ್ತದ ವಿಸ್ತೀರ್ಣ 50 ಚದರ ಮಿ.ಮೀ.ನಿಂದ 28ಕ್ಕೆ ಬಂತು. ಅಂದರೆ ಶೇ. 44ರಷ್ಟು ಉಕ್ಕು ಹೋಯಿತು. ಅದರ ಮೇಲೆ ಬಳಿದ ಪ್ಲಾಸ್ಟರ್ ಬಲ ಕೊಡುವುದಿರಲಿ, ಚದರ ಮೀಟರಿಗೆ 40 ಕೆ.ಜಿ. ಭಾರವನ್ನು ಕೆಳಗಿನಿಂದ ನೇತುಹಾಕಿತು.

ತುಕ್ಕು ಹಿಡಿದದ್ದೇಕೆ? ತಾರಸಿಯ ಕಂಬಿಯ ಕೆಳಗೆ ಕಾಂಕ್ರೀಟಿನ ಕವರ್ (ಕಂಬಿಯನ್ನು ಮುಚ್ಚುವ ದಪ್ಪ) ಸಾಮಾನ್ಯವಾಗಿ 20 ಮಿ.ಮೀ. ಇರಬೇಕೆಂದು ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಹೇಳುತ್ತದೆ, ಅದೂ ಒಣ ಪರಿಸರಕ್ಕೆ. ಇಲ್ಲಿ ಮೋಲ್ಡ್ ಹಾಕುವಾಗ ಕಂಬಿಯನ್ನು ಎತ್ತಿ ಹಿಡಿಯುವ ಕವರ್ ಬ್ಲಾಕ್ ಇಡದೆ ಕಂಬಿಯನ್ನು ಸೆಂಟ್ರಿಂಗ್ ಶೀಟಿನ ಮೇಲೆಯೇ ಮಲಗಿಸಿದ್ದರಿಂದ 10 ಮಿ.ಮೀ. ಕೂಡ ಇರಲಿಲ್ಲ. ಗಾಳಿಯ ಇಂಗಾಲದ ಡೈಆಕ್ಸೈಡ್ ಅಷ್ಟು ತೆಳು ಕಾಂಕ್ರೀಟನ್ನು ದಾಟಿ ಕಂಬಿಯನ್ನು ತುಕ್ಕಿನಿಂದ ಕಾಯುವ ಕ್ಷಾರಗುಣವನ್ನು ಕಳೆಯಿತು, ಸೋರುವ ನೀರು ಉಳಿದದ್ದನ್ನು ಮಾಡಿತು. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಕೇಳುತ್ತದೆ. ಅದಕ್ಕೇ ಕಾಂಕ್ರೀಟನ್ನು ಒಳಗಿನಿಂದ ಒದ್ದು ಬೀಳಿಸುತ್ತದೆ. ಹೊಸ ಪ್ಲಾಸ್ಟರ್ ಕಾಂಕ್ರೀಟಿಗೆ ಚೆನ್ನಾಗಿಯೇ ಅಂಟಿತ್ತು. ಆ ಕಾಂಕ್ರೀಟೇ ತಾರಸಿಯನ್ನು ಬಿಟ್ಟು ಬರುತ್ತಿತ್ತು.

ಕೆಲಸವನ್ನು ‘ತಾರಸಿ ಮೇಲ್ಭಾಗ’, ‘ತಾರಸಿ ಕೆಳಭಾಗ’ ಎಂದು ಎರಡು ತುಂಡು ಗುತ್ತಿಗೆಯಾಗಿ ಒಡೆದದ್ದು ಎರಡನೇ ತಪ್ಪು. ಮೊತ್ತ ಚಿಕ್ಕದಾಗಿ ಟೆಂಡರ್ ಕರೆಯುವ ತಾಪತ್ರಯ ತಪ್ಪಲಿ ಎಂದು ಹೀಗೆ ಮಾಡುತ್ತಾರೆ. ಕೆಳಭಾಗದ ಪ್ಲಾಸ್ಟರ್ ಮಾರ್ಚ್ ಅಂತ್ಯದೊಳಗೆ ಮುಗಿದು ಬಿಲ್ ಪಾಸಾಯಿತು, ಮೇಲ್ಭಾಗದ ಕೆಲಸ ಮಳೆ ಕಳೆದ ಮೇಲೆ ನಡೆಯಿತು. ಮೊದಲು ಸೋರಿಕೆ ನಿಲ್ಲಿಸಿ ಆಮೇಲೆ ಕೆಳಗೆ ಕೈ ಹಾಕಬೇಕಾದ ಕಡೆ ಕ್ರಮವೇ ತಲೆಕೆಳಗಾಯಿತು. ಚಕ್ಕೆ ಬಿದ್ದಾಗ ಎರಡೂ ಗುತ್ತಿಗೆಯವರು ಒಬ್ಬರ ಕಡೆ ಒಬ್ಬರು ಬೆರಳು ತೋರಿಸಿದರು.

ಮೇಲ್ಭಾಗದಲ್ಲಿ ಇನ್ನೊಂದು ಅಪಾಯ ಸದ್ದಿಲ್ಲದೆ ಬೆಳೆದಿತ್ತು. ಸೋರಿದಾಗಲೆಲ್ಲ ಹಳೆಯ ಪದರ ಕೀಳದೆ ಅದರ ಮೇಲೇ ಇಟ್ಟಿಗೆ ಚೂರಿನ ಗಾರೆ ಹಾಕುತ್ತ ಬಂದಿದ್ದರು. ಅಂಥ 100 ಮಿ.ಮೀ. ದಪ್ಪದ ಪದರ ಚದರ ಮೀಟರಿಗೆ ಸುಮಾರು 200 ಕೆ.ಜಿ. ತೂಗುತ್ತದೆ, 20 ಅಡಿಗೆ 30 ಅಡಿಯ ತಾರಸಿಗೆ 11 ಟನ್. ಜನ ಓಡಾಡುವ ತಾರಸಿಗೆ ಕಟ್ಟಡದ ಭಾರ ಕುರಿತ ಮಾನದಂಡ ಐಎಸ್ 875 ಹಿಡಿಯುವ ಬಳಕೆಯ ಭಾರವೇ (ಜನ, ಸಾಮಾನಿನ ತೂಕ) ಚದರ ಮೀಟರಿಗೆ ಸುಮಾರು 150 ಕೆ.ಜಿ. ಅರ್ಧ ಕಂಬಿ ಸವೆದ ತಾರಸಿಯ ಮೇಲೆ ಇಷ್ಟು ಹೇರುವುದಕ್ಕೆ ದುರಸ್ತಿ ಎಂಬ ಹೆಸರು ಸಲ್ಲದು.

ಹಾಗಾದರೆ ಏನು ಕೇಳಬೇಕು? ಅಂದಾಜು ಪಟ್ಟಿಗೆ ಮೊದಲು ತಪಾಸಣೆ ವರದಿ ಕೇಳಿ. ಸುತ್ತಿಗೆಯಿಂದ ತಾರಸಿಯ ಕೆಳಮೈಯನ್ನೆಲ್ಲ ತಟ್ಟಿ, ಟೊಳ್ಳು ಸದ್ದು ಬಂದ ಜಾಗಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆದು ನಕ್ಷೆ ಮಾಡಬೇಕು. ನಾಲ್ಕೈದು ಕಡೆ ಕಂಬಿ ಕಾಣುವವರೆಗೆ ಒಡೆದು ವ್ಯಾಸ ಅಳೆಯಬೇಕು. ಆಗಷ್ಟೇ ಒಡೆದ ಕಾಂಕ್ರೀಟಿಗೆ ಫಿನಾಲ್ಫ್ಥಲೀನ್ ದ್ರಾವಣ ಸಿಂಪಡಿಸಿದರೆ ಚೆನ್ನಾಗಿರುವ ಭಾಗ ಗುಲಾಬಿಯಾಗುತ್ತದೆ. ಬಣ್ಣ ಬಾರದ ಭಾಗ ಕಂಬಿಯನ್ನು ಕಾಯುವ ಶಕ್ತಿ ಕಳೆದುಕೊಂಡಿದೆ. ಇದು ಐದು ನಿಮಿಷದ, ಅಗ್ಗದ ಪರೀಕ್ಷೆ. ಇದನ್ನೂ ಮಾಡದೆ ಲಕ್ಷಗಟ್ಟಲೆಯ ಪಟ್ಟಿ ಬರೆಯುವುದನ್ನು ಒಪ್ಪಲಾಗದು. ಕಾಂಕ್ರೀಟಿನ ಗಟ್ಟಿತನ ನೋಡುವ ರಿಬೌಂಡ್ ಹ್ಯಾಮರ್, ಅದರೊಳಗೆ ಶಬ್ದತರಂಗ ಹಾಯಿಸಿ ವೇಗ ಅಳೆಯುವ ಅಲ್ಟ್ರಾಸಾನಿಕ್ ಪರೀಕ್ಷೆಗಳನ್ನು ಎಂಜಿನಿಯರಿಂಗ್ ಕಾಲೇಜುಗಳ ಸಿವಿಲ್ ವಿಭಾಗಗಳು ಶುಲ್ಕ ಪಡೆದು ಮಾಡಿಕೊಡುತ್ತವೆ. ಅಲ್ಟ್ರಾಸಾನಿಕ್ ವೇಗ ಸೆಕೆಂಡಿಗೆ 3 ಕಿ.ಮೀ.ಗಿಂತ ಕಡಿಮೆ ಬಂದರೆ ಕಾಂಕ್ರೀಟಿನ ಗುಣಮಟ್ಟ ಅನುಮಾನಾಸ್ಪದ. ವರದಿಗೆ ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಇರಲಿ. ಕೆಲವೊಮ್ಮೆ ಅವರು ರಿಪೇರಿ ಬೇಡ, ಕೆಡವಿ ಎನ್ನುತ್ತಾರೆ. ಅದನ್ನೂ ಕೇಳಲು ಸಿದ್ಧರಿರಬೇಕು.

ಕೆಲಸದ ಕ್ರಮ ಹೀಗಿರಬೇಕು. ಮೊದಲು ಕೋಣೆ ಖಾಲಿ ಮಾಡಿ, ತಾರಸಿಗೆ ಆಸರೆಯಾಗಿ ಮೀಟರಿಗೊಂದರಂತೆ ಹಲಗೆ ಸಮೇತ ಜಾಕ್ ಕೊಡಿ. ಆಮೇಲೆ ಮೇಲಿನ ಹಳೆಯ ಗಾರೆ ಕಿತ್ತು ಭಾರ ಇಳಿಸಿ. ಅದಾದ ಮೇಲೆ ಕೆಳಗೆ ಒಡೆಯುವುದು. ಜಾಕ್ ಇಲ್ಲದೆ ಕೆಳಗಿನಿಂದ ಒಡೆದರೆ ಕೂಲಿಯವರ ಜೀವಕ್ಕೇ ಅಪಾಯ. ಕಂಬಿಯ ಹಿಂದೆಯೂ 20-25 ಮಿ.ಮೀ. ಕಾಂಕ್ರೀಟ್ ತೆಗೆದು, ಬೆರಳು ಹೋಗುವಷ್ಟು ಸಂದು ಮಾಡಬೇಕು. ಮುಂಭಾಗ ಮಾತ್ರ ಉಜ್ಜಿ ಬಿಟ್ಟರೆ ಬೆನ್ನಿನ ಕಡೆಯಿಂದ ತುಕ್ಕು ಮುಂದುವರಿಯುತ್ತದೆ. ತುಕ್ಕು ಪೂರ್ತಿ ತೆಗೆದ ಮೇಲೆ ವಿಸ್ತೀರ್ಣದಲ್ಲಿ ಶೇ. 20ಕ್ಕಿಂತ ಹೆಚ್ಚು ಸವೆದ ಕಂಬಿಗೆ ಹೊಸ ಕಂಬಿ ಸೇರಿಸಬೇಕು, 8 ಮಿ.ಮೀ. ಕಂಬಿಗೆ ಎರಡೂ ತುದಿಯಲ್ಲಿ ಹಳೆಯ ಕಂಬಿಯ ಪಕ್ಕಕ್ಕೆ 400 ಮಿ.ಮೀ.ಯಷ್ಟು ಜೋಡಣೆ. ಆಮೇಲೆ ಕಂಬಿಗೆ ತುಕ್ಕು ತಡೆಯುವ ಜಿಂಕ್ ಪ್ರೈಮರ್, ಹೊಸ ಗಾರೆ ಹಳೆಯ ಕಾಂಕ್ರೀಟಿಗೆ ಅಂಟಲು ಬಾಂಡಿಂಗ್ ಕೋಟ್. ಈ ಕೋಟ್ ಒಣಗಿ ಹೋಗುವ ಮೊದಲೇ ಪಾಲಿಮರ್ ಗಾರೆ (ಲ್ಯಾಟೆಕ್ಸ್ ದ್ರವ ಬೆರೆಸಿದ ಸಿಮೆಂಟ್ ಗಾರೆ), ಒಂದು ಸಲಕ್ಕೆ 10-15 ಮಿ.ಮೀ. ಮಾತ್ರ. ಸಾಮಾನ್ಯವಾಗಿ 50 ಕೆ.ಜಿ. ಸಿಮೆಂಟ್ ಮೂಟೆಗೆ 5ರಿಂದ 7.5 ಕೆ.ಜಿ. ಲ್ಯಾಟೆಕ್ಸ್ ಬೇಕು. ಇಪ್ಪತ್ತು ಮೂಟೆ ಖಾಲಿಯಾದ ಕಡೆ ಐದು ಲೀಟರಿನ ಒಂದೇ ಡಬ್ಬಿ ಕಂಡರೆ ಅಲ್ಲೇ ಕೆಲಸ ನಿಲ್ಲಿಸಿ. ಒಡೆದ ಆಳ 50 ಮಿ.ಮೀ. ದಾಟಿದರೆ ಕೈಯಲ್ಲಿ ಮೆತ್ತುವುದು ಬೇಡ, ಶೀಟು ಕಟ್ಟಿ, ಸುಲಭವಾಗಿ ಹರಿಯುವ ಮೈಕ್ರೋ ಕಾಂಕ್ರೀಟ್ ಸುರಿಯಬೇಕು.

ಈ ಕೆಲಸದಲ್ಲಿ ಮುಖ್ಯವಾದುದೆಲ್ಲ ಮುಚ್ಚಿಹೋಗುತ್ತದೆ. ಆದ್ದರಿಂದ ಗಾರೆ ಹಾಕುವ ಮೊದಲು ಜೆಇ (ಕಿರಿಯ ಎಂಜಿನಿಯರ್) ಬಂದು, ಕಂಬಿಯ ಪಕ್ಕ ಟೇಪ್ ಹಿಡಿದ ಫೋಟೊ ತೆಗೆಸಿ, ಎಂ.ಬಿ.ಯಲ್ಲಿ (ಅಳತೆ ಪುಸ್ತಕ) ಅಳತೆ ಬರೆಯಬೇಕು ಎಂಬ ಷರತ್ತನ್ನು ಕರಾರಿನಲ್ಲೇ ಸೇರಿಸಿ. ಮಾಹಿತಿ ಹಕ್ಕು ಕಾಯ್ದೆ 2005ರ ಕಲಂ 2(ಜೆ) ಪ್ರಕಾರ ಕಾಗದದ ನಕಲು ಮಾತ್ರವಲ್ಲ, ಕಾಮಗಾರಿಯನ್ನು ಕಣ್ಣಾರೆ ಪರಿಶೀಲಿಸಲು, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯಲು ನಿಮಗೆ ಹಕ್ಕಿದೆ. ಅರ್ಜಿ ಶುಲ್ಕ 10 ರೂಪಾಯಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ ಇದೆ. ಹಾಗಾಗಿ ಅಂದಾಜು ಪಟ್ಟಿ, ಎಂ.ಬಿ., ಪರೀಕ್ಷಾ ವರದಿ ಎಂದು ನೇರವಾಗಿ ಬರೆಯಿರಿ. ಉತ್ತರಕ್ಕೆ 30 ದಿನ ಬೇಕಾಗುವುದರಿಂದ ಬಿಲ್ ಪಾಸಾಗುವ ಮೊದಲೇ ಹಾಕಿ.

ಗುತ್ತಿಗೆದಾರನ ಭದ್ರತಾ ಠೇವಣಿ ವಾಪಸಾಗುವುದು ಕನಿಷ್ಠ ಎರಡು ಮಳೆಗಾಲ ಕಳೆದು, ಮತ್ತೆ ಸುತ್ತಿಗೆ ತಟ್ಟಿ ನೋಡಿದ ಮೇಲೆಯೇ ಎಂದು ಬರೆಸಿ. ಮೇಲೆ ಹೇಳಿದ ಭವನದಲ್ಲಿ ಠೇವಣಿ ಮೊದಲ ಮಳೆಗೇ ವಾಪಸ್ ಹೋಗಿತ್ತು. ಈಗ ಅಲ್ಲಿ ಓದುವ ಮೇಜಿದ್ದ ಕಡೆ ಜಾಕುಗಳು ನಿಂತಿವೆ. ಪುಸ್ತಕಗಳು ಶಾಲೆಯ ಒಂದು ಕೋಣೆಯಲ್ಲಿವೆ.