ಆಫೀಸ್ ಸರ್ವರ್‌ನಲ್ಲಿ ಲಿಬ್ರೆಆಫೀಸ್ ಕ್ಯಾಲ್ಕ್: ಒಂದೇ ಫೈಲಿಗೆ ನಾಲ್ಕು ಜನ ಕೈ ಹಾಕುವವರಿಗೆ

ಪೀಣ್ಯದಲ್ಲಿ ನಮ್ಮದು ಮೆಷಿನ್ ಬಿಡಿಭಾಗ ಮಾಡುವ ಸಣ್ಣ ವರ್ಕ್‌ಶಾಪ್. ಸ್ಟೋರ್ಸ್, ಡಿಸ್ಪ್ಯಾಚ್, ಅಕೌಂಟ್ಸ್, ಎಲ್ಲರ ಸ್ಪ್ರೆಡ್‌ಶೀಟ್‌ಗಳೂ ಆಫೀಸಿನ ಲಿನಕ್ಸ್ ಸರ್ವರ್‌ನಲ್ಲಿ, ಸಾಂಬಾ ಶೇರ್ (ನೆಟ್‌ವರ್ಕ್‌ನಲ್ಲಿ ಎಲ್ಲರಿಗೂ ಸಿಗುವ ಫೋಲ್ಡರ್) ಒಳಗಿವೆ. ತೆರೆಯುವುದು ಎಕ್ಸೆಲ್ ಥರದ ಉಚಿತ ಸಾಫ್ಟ್‌ವೇರ್ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ. ಹಲವು ವರ್ಷಗಳಿಂದ ಹೀಗೇ ನಡೆಯುತ್ತಿದೆ. ಫಾರ್ಮುಲಾ, ಪಿವೋಟ್ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ಒಬ್ಬರು ಹಾಕಿದ ಲೆಕ್ಕವನ್ನು ಇನ್ನೊಬ್ಬರು ಗೊತ್ತಿಲ್ಲದೆ ಅಳಿಸಿಬಿಡದಂತೆ ಕ್ಯಾಲ್ಕ್ ಹೇಗೆ ತಡೆಯುತ್ತದೆ ಅನ್ನುವುದರ ಬಗ್ಗೆ ಮಾತ್ರ ನಾನು ಹೇಳುತ್ತೇನೆ.

ಚೆನ್ನಾಗಿಯೇ ತಡೆಯುತ್ತದೆ. ಆದರೆ ಅದು ಹೇಳುವ ಮಾತನ್ನು ನಾವು ಕೇಳಬೇಕು.

ಯಾರಾದರೂ ಫೈಲ್ ತೆರೆದ ಕೂಡಲೇ ಅದೇ ಫೋಲ್ಡರ್‌ನಲ್ಲಿ ಒಂದು ಪುಟ್ಟ ಲಾಕ್ ಫೈಲ್ ಹುಟ್ಟುತ್ತದೆ, ಈ ಫೈಲ್ ಈಗ ಒಬ್ಬರ ಕೈಯಲ್ಲಿದೆ ಅನ್ನುವ ಗುರುತು ಅದು. ಅದರ ಹೆಸರು ಚುಕ್ಕಿಯಿಂದ ಶುರುವಾಗುವುದರಿಂದ ಸಾಮಾನ್ಯವಾಗಿ ಕಣ್ಣಿಗೆ ಬೀಳುವುದಿಲ್ಲ. ಅದನ್ನು ಸುಮ್ನೆ ನೋಟ್‌ಪ್ಯಾಡ್‌ನಲ್ಲಿ ತೆಗೆದು ನೋಡಿ: ಬಳಸುವವರ ಹೆಸರು, ಲಾಗಿನ್ ಹೆಸರು, ಕಂಪ್ಯೂಟರ್ ಹೆಸರು, ತಾರೀಖು, ಸಮಯ, ಎಲ್ಲ ಕಾಮಾ ಹಾಕಿ ಒಂದೇ ಸಾಲಿನಲ್ಲಿ ಇರುತ್ತದೆ. ಎರಡನೆಯವರು ಫೈಲ್ ಒತ್ತಿದಾಗ ಈ ಹೆಸರು ಮತ್ತು ಸಮಯವೇ ಪರದೆ ಮೇಲೆ ಬರುತ್ತದೆ.

ಆ ಹೆಸರು ಎಲ್ಲಿಂದ ಬರುತ್ತದೆ? ಟೂಲ್ಸ್ ಮೆನುವಿನ ಆಪ್ಷನ್ಸ್ ಒಳಗೆ ಯೂಸರ್ ಡೇಟಾ ಅಂತ ಒಂದು ಪುಟ ಇದೆ, ಇನ್‌ಸ್ಟಾಲ್ ಮಾಡುವಾಗ ಯಾರೂ ಅದನ್ನು ತುಂಬುವುದಿಲ್ಲ, ಹಾಗಾಗಿ ಎಷ್ಟೋ ಆಫೀಸುಗಳಲ್ಲಿ 'ಅನ್‌ನೋನ್ ಯೂಸರ್' ಅಂತಲೋ ಅರ್ಥವಾಗದ ಯಾವುದೋ ಲಾಗಿನ್ ಹೆಸರೋ ಬರುತ್ತದೆ, ಅದನ್ನು ನೋಡಿ ಯಾರನ್ನು ಕೇಳಬೇಕು ಅಂತ ಯಾರಿಗೆ ತಿಳಿಯುತ್ತದೆ ಹೇಳಿ? ನಾವು ಮೊದಲ ಹೆಸರಿನ ಜಾಗದಲ್ಲಿ 'ಸ್ಟೋರ್ಸ್', ಕೊನೆಯ ಹೆಸರಿನ ಜಾಗದಲ್ಲಿ 'ಇಂಟರ್‌ಕಾಮ್ 12' ಅಂತ ಹಾಕಿದ್ದೇವೆ. ಈಗ ಡಿಸ್ಪ್ಯಾಚ್‌ನವರು ನೇರವಾಗಿ ಫೋನ್ ಎತ್ತುತ್ತಾರೆ. "ಅಣ್ಣಾ, ಸ್ಟಾಕ್ ಫೈಲ್ ಸ್ವಲ್ಪ ಮುಚ್ತೀರಾ?" "ಎರಡೇ ನಿಮಿಷ ಮೇಡಂ, ಈ ಚಲನ್ ಹಾಕಿಬಿಡ್ತೀನಿ." ಅಷ್ಟೇ, ಕೆಲಸ ಮುಂದಕ್ಕೆ ಹೋಗುತ್ತದೆ. ಈ ಸಾಫ್ಟ್‌ವೇರ್‌ನಲ್ಲಿ ನಮಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ಎರಡು ಖಾನೆಗಳು.

ಹೆಸರು ತೋರಿಸುವ ಅದೇ ಕಿಟಕಿಯಲ್ಲಿ 'ಓಪನ್ ರೀಡ್ ಓನ್ಲಿ', 'ಓಪನ್ ಕಾಪಿ' ಅಂತ ಬಟನ್‌ಗಳಿವೆ. ಓದಲು ಮಾತ್ರ ಬೇಕಿದ್ದರೆ ಮೊದಲನೆಯದನ್ನು ಒತ್ತಿ, ಏನೂ ತೊಂದರೆ ಇಲ್ಲ. ಕಾಪಿ ಬಟನ್ ಬಗ್ಗೆ ಮಾತ್ರ ಹುಷಾರಾಗಿರಿ. ಅವಸರದಲ್ಲಿ ಕಾಪಿ ತೆರೆದು, ಅದರಲ್ಲೇ ಅರ್ಧ ದಿನ ಕೆಲಸ ಮಾಡಿ, 'ಸ್ಟಾಕ್ ಹೊಸದು ಫೈನಲ್' ಅಂತ ಸೇವ್ ಮಾಡಿದರೆ ಸಂಜೆ ಹೊತ್ತಿಗೆ ಎರಡು ಸ್ಟಾಕ್ ಇರುತ್ತದೆ, ಎರಡೂ ಅರ್ಧ ಸರಿ ಅರ್ಧ ತಪ್ಪು. ಲಾಕ್ ಇಂಥದ್ದನ್ನು ತಡೆಯಲಾರದು. ಆ ಬಟನ್ ಇಷ್ಟು ಸುಲಭವಾಗಿ ಕೈಗೆ ಸಿಗಬಾರದಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಇನ್ನೊಂದು ತಲೆನೋವು ಕರೆಂಟ್. ಯುಪಿಎಸ್ ಕೈಕೊಟ್ಟು ಕಂಪ್ಯೂಟರ್ ದಿಢೀರನೆ ಆಫ್ ಆದರೆ ಲಾಕ್ ಫೈಲ್ ಹಾಗೇ ಉಳಿಯುತ್ತದೆ. ಮನೆಗೆ ಹೋದವರ ಹೆಸರು ಮರುದಿನವೂ ಬರುತ್ತದೆ. ಆಗ ಲಾಕ್ ಫೈಲ್ ಅಳಿಸಬಹುದು, ಆದರೆ ಮೊದಲು ಸರ್ವರ್‌ನಲ್ಲಿ ಎಸ್‌ಎಂಬಿಸ್ಟೇಟಸ್ (smbstatus) ಆಜ್ಞೆ ಕೊಟ್ಟು ಆ ಫೈಲ್ ನಿಜವಾಗಿ ಯಾರ ಹತ್ತಿರವಾದರೂ ತೆರೆದಿದೆಯಾ ಅಂತ ನೋಡಿಕೊಳ್ಳಿ. ನೋಡದೆ ಅಳಿಸುವವರೂ ಇದ್ದಾರೆ, ಅದು ಅಪಾಯ. ಹಾಗೆಯೇ ಫೈಲಿಗೆ ಮಾತ್ರ ಬರೆಯುವ ಅನುಮತಿ ಕೊಟ್ಟು ಫೋಲ್ಡರ್‌ಗೆ ಕೊಡದಿದ್ದರೆ ಲಾಕ್ ಫೈಲ್ ಹುಟ್ಟುವುದೇ ಇಲ್ಲ. ಕ್ಯಾಲ್ಕ್ ಎಚ್ಚರಿಕೆ ಕೊಡುತ್ತದೆ, ಓದದೆ ಮುಂದೆ ಹೋಗಬೇಡಿ.

ಇಬ್ಬರೂ ಒಟ್ಟಿಗೆ ಬರೆಯಲೇಬೇಕು ಅಂದರೆ 'ಶೇರ್ ಸ್ಪ್ರೆಡ್‌ಶೀಟ್' ಇದೆ. ಮಾರಾಟದ ಜಿಎಸ್‌ಟಿ ವಿವರವಾದ ಜಿಎಸ್‌ಟಿಆರ್-1 ಅನ್ನು ತಿಂಗಳಿಗೊಮ್ಮೆ ಸಲ್ಲಿಸುವವರಿಗೆ ಮುಂದಿನ ತಿಂಗಳಿನ 11 ಕೊನೆ ದಿನ, ಅದರ ಹಿಂದಿನ ದಿನಗಳಲ್ಲಿ ಮಾರಾಟದ ಫೈಲ್ ಎಲ್ಲರಿಗೂ ಬೇಕು. ಆಗ ಇದನ್ನು ಆನ್ ಮಾಡುತ್ತೇವೆ. ಸೇವ್ ಮಾಡಿದಾಗ ಬೇರೆಯವರ ಬದಲಾವಣೆಗಳೂ ಬಂದು ಸೇರುತ್ತವೆ. ಒಂದೇ ಸೆಲ್‌ನಲ್ಲಿ ಇಬ್ಬರು ಬೇರೆ ಬೇರೆ ಅಂಕಿ ಹಾಕಿದ್ದರೆ ನಿಮ್ಮದು ಇರಲಾ, ಅವರದ್ದು ಇರಲಾ ಅಂತ ಕೇಳುತ್ತದೆ. ನೀವು ಉತ್ತರ ಕೊಡುವವರೆಗೆ ಬೇರೆ ಯಾರೂ ಸೇವ್ ಮಾಡಲಾಗದು, ಆದ್ದರಿಂದ ಆ ಪ್ರಶ್ನೆ ಹಾಗೇ ಬಿಟ್ಟು ಕಾಫಿಗೆ ಎದ್ದು ಹೋಗಬೇಡಿ. ಇದಕ್ಕೆ ತೆರಬೇಕಾದ ಬೆಲೆ ಜಾಸ್ತಿಯೇ. ಬಣ್ಣ, ಅಕ್ಷರ, ಅಂಕಿಯ ಫಾರ್ಮ್ಯಾಟ್ ಬದಲಾಯಿಸಿದರೆ ಉಳಿಯುವುದಿಲ್ಲ, ಚಾರ್ಟ್ ತಿದ್ದಲು ಆಗುವುದಿಲ್ಲ. ಬಾಕಿ ಬಿಲ್ಲಿಗೆ ಕೆಂಪು ಬಣ್ಣ ಹಚ್ಚುವ ಅಭ್ಯಾಸ ಇರುವ ನಮ್ಮ ಅಕೌಂಟ್ಸ್‌ನವರು 'ಬಾಕಿ' ಅಂತ ಹೊಸ ಕಾಲಂ ಮಾಡಿಕೊಂಡರು. ಅದರಿಂದ ಫಿಲ್ಟರ್ ಮಾಡುವುದೂ ಸುಲಭವಾಯಿತು.

ಎಕ್ಸೆಲ್ ತಗೊಂಡರೆ ಇದೆಲ್ಲ ಇರಲ್ಲ ಅಲ್ವಾ ಅಂತ ಪಕ್ಕದ ಶೆಡ್‌ನವರು ಕೇಳುತ್ತಿರುತ್ತಾರೆ. ಎಕ್ಸೆಲ್‌ನಲ್ಲಿ ಎಲ್ಲರೂ ಒಟ್ಟಿಗೆ ಬರೆಯಬೇಕಾದರೆ ಫೈಲ್ ಮೈಕ್ರೋಸಾಫ್ಟ್‌ನ ಒನ್‌ಡ್ರೈವ್ ಅಥವಾ ಶೇರ್‌ಪಾಯಿಂಟ್‌ನಲ್ಲಿ ಇರಬೇಕು, ಆಫೀಸಿನ ಸಾಮಾನ್ಯ ಶೇರ್ ಫೋಲ್ಡರ್ ಸಾಲದು. ಫೈಲ್ ನಮ್ಮ ಸರ್ವರ್‌ನಲ್ಲೇ ಇರಬೇಕು, ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಆಗಲೇ ಕಾಣಬೇಕು ಅನ್ನುವವರು ನೆಕ್ಸ್ಟ್‌ಕ್ಲೌಡ್ (ನಮ್ಮದೇ ಸರ್ವರ್‌ನಲ್ಲಿ ಫೈಲ್ ಇಟ್ಟು ಹಂಚುವ ಸಾಫ್ಟ್‌ವೇರ್) ಜೊತೆ, ಬ್ರೌಸರ್‌ನಲ್ಲೇ ಫೈಲ್ ತಿದ್ದುವ ಕೊಲ್ಲಾಬೊರಾ ಆನ್‌ಲೈನ್ ನೋಡಬಹುದು, ಅದೂ ಲಿಬ್ರೆಆಫೀಸ್‌ ಮೇಲೇ ಕಟ್ಟಿದ್ದು. ಆದರೆ ಅದಕ್ಕೆ ಸರ್ವರ್ ಗಟ್ಟಿ ಇರಬೇಕು, ನೋಡಿಕೊಳ್ಳುವವರೂ ಬೇಕು. ಮಾರಾಟದ ಫೈಲನ್ನು ಅಲ್ಲಿಗೆ ಸಾಗಿಸುವ ಮಾತು ನಮ್ಮಲ್ಲಿ ನಡೆದಿದೆ. ಸ್ಟಾಕ್ ಫೈಲ್ ಮಾತ್ರ ಈಗಿರುವಲ್ಲೇ ಇರಲಿ ಅಂತ ಸ್ಟೋರ್ಸ್‌ನವರು ಪಟ್ಟು ಹಿಡಿದಿದ್ದಾರೆ, ನಾನೂ ಅವರ ಕಡೆಗೇ.