ಮದುವೆಗೆ ಕರೆಸಿದ ಬ್ಯಾಂಡ್ ಸೆಟ್: ಊದುವವರಿಗೆ ಪೂರ್ತಿ ಮಾರ್ಕ್ಸ್, ಡ್ರಮ್ಮಿಗೆ ಅರ್ಧ

ತಂಗಿಯ ಮದುವೆ ದಿಬ್ಬಣಕ್ಕೆ ಮಂಗಳೂರಿನ ಒಂದು ಬ್ಯಾಂಡ್ ಸೆಟ್ ಕರೆಸಿದ್ದೆವು. ಊದುವವರು ಸೂಪರ್, ಎರಡು ಮಾತಿಲ್ಲ. ಊಟದ ಹೊತ್ತಲ್ಲಿ ಮಾತಿಗೆ ಸಿಕ್ಕಿದರು. ಟ್ರಂಪೆಟ್‌ನವರು ಚರ್ಚ್‌ನಲ್ಲಿ ನೊಟೇಶನ್ ನೋಡಿ ನುಡಿಸಲು ಕಲಿತವರಂತೆ, ಸ್ಯಾಕ್ಸೋಫೋನ್‌ನವರದು ನಾಗಸ್ವರದ ಮನೆತನ, ಅವರಿಗೆ ಹಾಳೆ ಬೇಡವೇ ಬೇಡ, ಒಮ್ಮೆ ಕೇಳಿದರೆ ಸಾಕು. ಈ ಕಡೆ ಇದೇನು ಹೊಸದಲ್ಲ ಅಲ್ವಾ? ಕದ್ರಿ ಗೋಪಾಲನಾಥರೂ ಮೊದಲು ನಾಗಸ್ವರ ಕಲಿತು, ಮೈಸೂರು ಅರಮನೆ ಬ್ಯಾಂಡ್‌ನಲ್ಲಿ ಸ್ಯಾಕ್ಸೋಫೋನ್ ಕೇಳಿ ಅದರ ಹಿಂದೆ ಬಿದ್ದವರು. ಟ್ರಂಪೆಟ್‌ನಲ್ಲಿ ಇರುವುದು 3 ವಾಲ್ವ್ (ಬೆರಳಲ್ಲಿ ಒತ್ತುವ ಗುಂಡಿ), ಗಮಕ, ಅಂದರೆ ಸ್ವರದ ಬಳುಕು, ಬೇಕೆಂದರೆ ತುಟಿಯಲ್ಲೇ ಒದ್ದಾಡಬೇಕು, ಹಾಗಾಗಿ ಟ್ರಂಪೆಟ್‌ನವರು ಸಿನಿಮಾ ಹಾಡನ್ನು ನೇರವಾಗಿ ಹಿಡಿದರೆ ಎಳೆದು ಬಳುಕಿಸುವ ಕೆಲಸವೆಲ್ಲ ಸ್ಯಾಕ್ಸೋಫೋನಿಗೆ. ಈ ಹಂಚಿಕೆ ಬಹಳ ಇಷ್ಟವಾಯಿತು. ಡ್ರಮ್‌ನ ಹುಡುಗರು ಮಾತ್ರ ಸುಮ್ನೆ ಬಡಿಯುತ್ತಾರೆ, ಹಾಲ್ ಒಳಗೆ ಕಿವಿ ಹೋಗುತ್ತದೆ, ಬಂದದ್ದೂ ತಡ. ರೇಟು ಸ್ವಲ್ಪ ಜಾಸ್ತಿಯೇ. ನೀವು ಯಾವುದೇ ಸೆಟ್ ಬುಕ್ ಮಾಡುವಾಗ ಊದುವವರು ಯಾರು ಬರುತ್ತಾರೆ ಅಂತ ಮೊದಲೇ ಕೇಳಿ, ಮದುವೆ ಸೀಸನ್‌ನಲ್ಲಿ ಬದಲಿಯವರನ್ನು ಕಳಿಸಿಬಿಡುತ್ತಾರೆ.